ಮೊದಲ ನೂರು ಪುಟ ಹಾರಿಸಬೇಡಿ

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿ ಮೊದಲ ನೂರು ಪುಟ ಎಳೆಯುತ್ತದೆ, ಹಾರಿಸಿ ಓದಿದರೂ ನಷ್ಟವಿಲ್ಲ ಅಂತ ನಿಮ್ಮ ವಿಮರ್ಶೆಯಲ್ಲಿ ಬರೆದಿದ್ದೀರಲ್ಲ, ಇದನ್ನು ಮಾತ್ರ ಒಪ್ಪಲಾರೆ. ನಾನೂ ಈಗಷ್ಟೇ ಮುಗಿಸಿದ್ದೇನೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ಹಿಡಿದು ಹೋಗುವುದು, ಸಿಕ್ಕವರ ಹತ್ತಿರ ನಿಂತು ಮಾತಾಡುವುದು ಸುಮ್ನೆ ಪುಟ ತುಂಬಿಸಲು ಅಲ್ಲ. ಯಾರು ಯಾರ ಆಳು, ಯಾರ ಮಾತು ಎಲ್ಲಿ ನಡೆಯುತ್ತದೆ ಅನ್ನುವುದೆಲ್ಲ ಆ ನಡಿಗೆಯಲ್ಲೇ ನಮಗೆ ಗೊತ್ತಾಗುತ್ತಾ ಹೋಗುತ್ತದೆ, ಅದನ್ನು ಬಿಟ್ಟರೆ ಮುಂದೆ ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಓಡುವಾಗ ಅವರಿಗೆ ಯಾಕಷ್ಟು ಭಯ ಅಂತಲೇ ತಿಳಿಯುವುದಿಲ್ಲ. ನಾಯಕ ಯಾರು ಅಂತ ಹುಡುಕಿದರೆ ತಲೆಕೆಡುತ್ತದೆ, ನಿಜ. ಮುಕುಂದಯ್ಯ-ಚಿನ್ನಮ್ಮ ಜೋಡಿಯಷ್ಟೇ ಐತ-ಪೀಂಚಲು ಜೋಡಿ ಕೂಡ ಅಲ್ಲಿ ಮುಖ್ಯ.

ಹೆಸರುಗಳು ಜಾಸ್ತಿ ಅನ್ನುವ ನಿಮ್ಮ ದೂರು ಸರಿ. ನಾನಂತೂ ಹಳೇ ಮದುವೆ ಕಾಗದದ ಹಿಂಬದಿಯಲ್ಲಿ ಯಾವ ಮನೆಗೆ ಯಾರು ಅಂತ ಬರೆದು ಅದನ್ನೇ ಪುಟಗುರುತು ಮಾಡಿಕೊಂಡಿದ್ದೆ.

ಆದರೆ ಹುಲಿಯನ ಗತಿ ಕೊನೆಗೆ ಏನಾಗುತ್ತದೆ ಅಂತ ಮೂರನೇ ಸಾಲಿನಲ್ಲೇ ಹೇಳಿಬಿಟ್ಟಿದ್ದೀರಿ, ಅದು ಬೇಕಿತ್ತಾ? 1967ರ ಪುಸ್ತಕವೇ ಇರಬಹುದು, ಇವತ್ತು ಮೊದಲ ಸಲ ಕೈಗೆತ್ತಿಕೊಳ್ಳುವವರೂ ಇದ್ದಾರಲ್ವಾ?