‘2050ಕ್ಕೆ ಮುಂಬಯಿ ಮುಳುಗುತ್ತದೆ’: ಒಂದು ಸ್ಪಷ್ಟನೆ

“2050ಕ್ಕೆ ಮುಂಬಯಿ ಪೂರ್ತಿ ನೀರುಪಾಲು, ಇನ್ನು ಏನು ಮಾಡಿಯೂ ಫಲವಿಲ್ಲ” ಎಂಬ ಸಂದೇಶ ಮಾಟುಂಗದಿಂದ ಡೊಂಬಿವಲಿವರೆಗೆ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡು ಮಾತೂ ತಪ್ಪು.

ಇದರ ಮೂಲ ಕ್ಲೈಮೇಟ್ ಸೆಂಟ್ರಲ್ ಸಂಸ್ಥೆಯ ವಿಜ್ಞಾನಿಗಳ 2019ರ ಅಧ್ಯಯನ. ಅದು ಮುಂದೆ ಉಬ್ಬರದ ಮಟ್ಟಕ್ಕಿಂತ ತಗ್ಗಾಗಬಹುದಾದ ನೆಲವನ್ನು ಗುರುತಿಸಿತ್ತು. ತಡೆಗೋಡೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರೇ ಕಾಣೆಯಾಗುತ್ತದೆ ಎಂದು ಅದು ಹೇಳಿಲ್ಲ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2021ರ ವರದಿಯಂತೆ 2050ರ ವೇಳೆಗೆ ಜಾಗತಿಕ ಸಮುದ್ರಮಟ್ಟ 1995–2014ರ ಸರಾಸರಿಗಿಂತ ಸುಮಾರು 15ರಿಂದ 29 ಸೆಂಟಿಮೀಟರ್ ಏರಬಹುದು.

ಅಷ್ಟೇ ತಾನೇ ಎನ್ನಬೇಡಿ. ಉಬ್ಬರದ ಹೊತ್ತಿನಲ್ಲಿ ಮಳೆ ಸುರಿದರೆ ಚರಂಡಿಯ ನೀರನ್ನು ಸಮುದ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆಯಾದಾಗ ಮೀಠಿ ನದಿ ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿನ ಹಿರಿಯರು ಮರೆತಿಲ್ಲ.

ನನ್ನನ್ನು ಹೆಚ್ಚು ಕಾಡುವುದು ‘ಫಲವಿಲ್ಲ’ ಎಂಬ ಮಾತು. ಕೈಚೆಲ್ಲಿ ಕೂರಲು ಅದೊಂದು ನೆಪ. ಶತಮಾನದ ಕೊನೆಗೆ ಸಮುದ್ರ ಎಷ್ಟು ಏರುತ್ತದೆ ಎಂಬುದು ನಾವು ಈಗ ಸುಡುವ ಕಲ್ಲಿದ್ದಲು, ತೈಲದ ಮೇಲೆ ನಿಂತಿದೆ. ಮಹಾನಗರಪಾಲಿಕೆ 2022ರಲ್ಲೇ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿದೆ. ಅದರಲ್ಲಿ ನಿಮ್ಮ ವಾರ್ಡಿನ ಪಾಲಿಗೆ ಏನು ನಡೆದಿದೆ ಎಂದು ವಾರ್ಡ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.