ಅಪ್ಪ ಹೋದಲ್ಲಿಗೆ ವೈಫೈ

ನಮ್ಮ ಮನೆಯ ಇಂಟರ್ನೆಟ್ ಇವತ್ತು ಬೆಳಿಗ್ಗೆ ಹಾಲು ಕೊಡಲು ಸೊಸೈಟಿಗೆ ಹೋಯಿತು. ಬರುವಾಗ ದಾರಿಯಲ್ಲಿ ಪರಿಚಯದವರು ಸಿಕ್ಕಿದರಂತೆ, ತಡವಾಯಿತು.

ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೇಬಲಿನ ಮೇಲೆ ಒಂದು ಅಡಿಕೆ ಮರ ಬಿದ್ದರೆ ಮುಗಿಯಿತು. ಮನೆಯಲ್ಲಿ ರೇಂಜ್ ಇರುವುದು ಅಪ್ಪನ ಸಿಮ್ಮಿಗೆ ಮಾತ್ರ, ಅದೂ ಜಗಲಿಯ ಕಿಟಕಿಯಲ್ಲಿ. ಅಲ್ಲೇ ಚಾರ್ಜಿಗೆ ಸಿಕ್ಕಿಸಿ ಹಾಟ್‌ಸ್ಪಾಟ್ ಹಾಕಿದೆ. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, ಆದರೆ ಅಜ್ಜ ಕಟ್ಟಿಸಿದ ಮುರಕಲ್ಲಿನ ಗೋಡೆ ದಾಟುವ ತಾಕತ್ತಿಲ್ಲ. 2.4ಕ್ಕೆ ಇಳಿಸಿ, ಹಳೆಯ ರೌಟರನ್ನು ರಿಪೀಟರ್ ಮಾಡಿ ನಡುಕೋಣೆಯಲ್ಲಿಟ್ಟೆ. ಫೋನಿನಿಂದ ಎತ್ತಿ ಅದು ಮನೆಯಿಡೀ ಹಂಚುತ್ತದೆ. ವ್ಯವಸ್ಥೆ ಚೆನ್ನಾಗಿಯೇ ಉಂಟು. ತೊಂದರೆ ಒಂದೇ: ಅಪ್ಪನಿಗೆ ಫೋನ್ ಬರುತ್ತದೆ.

ಅವರದು ಕೂತು ಮಾತಾಡುವ ಜಾಯಮಾನವಲ್ಲ. ‘ಹಲೋ’ ಜಗಲಿಯಲ್ಲಿ, ‘ಅಲ್ಲಿ ಮಳೆ ಹೇಗೆ?’ ಅಂಗಳದಲ್ಲಿ, ಅಡಿಕೆ ರೇಟಿಗೆ ಬರುವಾಗ ಕೊಟ್ಟಿಗೆ. ಕೊಳೆರೋಗ, ಮದ್ದು ಬಿಡುವವರು ಸಿಗುವುದಿಲ್ಲ ಎಂಬಲ್ಲಿಗೆ ಬಂತೋ, ನೇರ ತೋಟ. ಇತ್ತ ರೌಟರಿನ ಲೈಟು ಉರಿಯುತ್ತಲೇ ಇರುತ್ತದೆ, ವೈಫೈ ಗೀಟುಗಳು ತುಂಬಿಯೇ ಇರುತ್ತವೆ, ನೆಟ್ ಮಾತ್ರ ಇಲ್ಲ. ‘ಅಜ್ಜ ಎಲ್ಲಿ?’ ಎಂದು ಮಗಳು ಒಳಗಿನಿಂದ ಬೊಬ್ಬೆ ಹಾಕುತ್ತಾಳೆ. ಕೇಳಿದವರು ಏನು ಪ್ರೀತಿ ಎಂದುಕೊಳ್ಳಬೇಕು.

ಮೊನ್ನೆ ಮೀಟಿಂಗಿನಲ್ಲಿ ನಾನು ಬಾಯಿ ತೆರೆಯುವುದಕ್ಕೂ ಪೆರ್ಲದ ಭಾವನ ಫೋನ್ ಬರುವುದಕ್ಕೂ ಸರಿಹೋಯಿತು. ಅಪ್ಪ ಹೊರಟರು. ಲ್ಯಾಪ್‌ಟಾಪ್ ಎತ್ತಿಕೊಂಡು ನಾನೂ ಹೊರಟೆ. ಮುಂದೆ ಕೊಡೆ ಹಿಡಿದ ಅಪ್ಪ, ಹಿಂದೆ ಲ್ಯಾಪ್‌ಟಾಪಿಗೆ ಮುಟ್ಟಾಳೆ ಎಂಬ ಅಡಿಕೆ ಹಾಳೆಯ ಟೊಪ್ಪಿ ಹಿಡಿದ ನಾನು. ಅವರು ನಿಂತರೆ ನಿಂತೆ, ತಿರುಗಿದರೆ ತಿರುಗಿದೆ. ಕೊಟ್ಟಿಗೆಯ ಹತ್ತಿರ ಮ್ಯೂಟ್ ತೆಗೆದದ್ದೇ ತಡ, ಕರು ‘ಅಂಬಾ’ ಎಂದಿತು. ಆಚೆಯಿಂದ ಯಾರೋ ‘ಗುಡ್ ಪಾಯಿಂಟ್’ ಎಂದರು. ಅಪ್ಪ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು, “ಎಂತದು ಮಾರಾಯ, ಗುಟ್ಟು ಕೇಳ್ಲಿಕ್ಕೆ ಬಂದದ್ದಾ?” ಎಂದು ಗದರಿದರು.

ತೋಟದ ತಗ್ಗಿಗೆ ಇಳಿದದ್ದೇ 4ಜಿ ಹೋಗಿ 2ಜಿ ಆಯಿತು. 2ಜಿಯಲ್ಲಿ ಮಾತು ನಡೆಯುವಾಗ ಡೇಟಾ ನಿಂತೇ ಹೋಗುತ್ತದೆ. ನನ್ನ ಮೀಟಿಂಗ್ ಅಲ್ಲಿಗೆ ಮುಗಿಯಿತು, ಭಾವನದು ಮುಗಿಯಲಿಲ್ಲ. ಅವರು ಏನು ಹೇಳಿದರೋ, ಅಪ್ಪ ಕೊಡೆ ಅಲುಗಾಡುವಷ್ಟು ನಕ್ಕರು. ಮನೆಯೊಳಗೆ ಆ ನಗು ಕೇಳಿ ಎಷ್ಟು ಕಾಲವಾಯಿತೋ. ಬಯ್ಯಬೇಕೆಂದಿದ್ದವನು ಕೆಸರಿನಲ್ಲಿ ಸುಮ್ಮನೆ ನಿಂತೆ.

ಸಿಮ್ಮನ್ನು ಹಳೆಯ ಫೋನಿಗೆ ಹಾಕಿ ಕಿಟಕಿಗೆ ಕಟ್ಟಿಬಿಡೋಣವೆಂದರೆ ಭಾವನ ಕರೆಯೂ ಕಿಟಕಿಗೇ ಬರುತ್ತದೆ. ಹೊಸ ಸಿಮ್ಮಿನ ಮಾತೆತ್ತಿದರೆ, “ಎರಡೆರಡು ರೀಚಾರ್ಜಾ?” ಎಂದು ಅಪ್ಪ ಎದ್ದು ಹೋಗುತ್ತಾರೆ. ಹೋಗುವಾಗ ಫೋನನ್ನೂ ಒಯ್ಯುತ್ತಾರೆ.

ಈಗ ಅಂತೂ ಕೇಬಲಿನ ಹುಡುಗ ಬಂದಿದ್ದಾನೆ. ಏಣಿ ಇಟ್ಟು, ಮೊಬೈಲನ್ನು ಆಕಾಶಕ್ಕೆತ್ತಿ ನೋಡಿ, “ಅಣ್ಣಾ, ಇಲ್ಲಿ ರೇಂಜೇ ಇಲ್ಲ. ನಿಮ್ಮ ಲೈನ್ ಯಾವುದೆಂದು ಆಪ್‌ನಲ್ಲಿ ನೋಡಬೇಕು, ಸ್ವಲ್ಪ ಹಾಟ್‌ಸ್ಪಾಟ್ ಕೊಡಿ” ಎಂದ. ಅಪ್ಪ ತೋಟದಲ್ಲಿದ್ದಾರೆ ಎಂದೆ.

ಮುಟ್ಟಾಳೆ ಕೊಟ್ಟು ಕಳಿಸಿದ್ದೇನೆ.