ಜ್ವರ ನೋಡುವ ಗನ್ ಬಿಡಿ, ಮೊದಲು ಕಿಟಕಿ ನೋಡಿ

ಕೊರೊನಾದಿಂದ ಮುಚ್ಚಿದ್ದ ಕರ್ನಾಟಕದ 1ರಿಂದ 5ನೇ ತರಗತಿಗಳು 2021ರ ಅಕ್ಟೋಬರ್ 25ರಿಂದ ಶುರುವಾಗಲಿದ್ದ ಹೊತ್ತಿನ ಮಾತಿದು. ಪುಟ್ಟ ಮಕ್ಕಳಲ್ಲಿ ವೈರಸ್ ಅಂಟಿಕೊಳ್ಳುವ ಎಸಿಇ2 ಗ್ರಾಹಕಗಳು (ಜೀವಕೋಶದ ಮೇಲಿನ ಕೊಂಡಿಗಳು) ಕಡಿಮೆ, ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಂದಿನ ಮುಖ್ಯಸ್ಥ ಬಲರಾಮ್ ಭಾರ್ಗವ ಜುಲೈನಲ್ಲೇ ಹೇಳಿದ್ದರು. ನಾವು ಆಗಸ್ಟ್ 23ಕ್ಕೆ ದೊಡ್ಡ ತರಗತಿಗಳ ಮಕ್ಕಳನ್ನು ಕರೆದು, ಪುಟಾಣಿಗಳನ್ನು ಕೊನೆಗೆ ಉಳಿಸಿದೆವು. ಎರಡನೇ ತರಗತಿಯ ಮಕ್ಕಳು ಒಂದನೇ ತರಗತಿಯ ಕೋಣೆಯನ್ನೇ ನೋಡಿಲ್ಲ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ.

ಇರಲಿ, ಈಗ ತೆರೆಯುವುದು ಹೇಗೆ? ಗೇಟಿನಲ್ಲಿ ಥರ್ಮಲ್ ಸ್ಕ್ಯಾನರ್ ಹಿಡಿದು ನಿಂತರೆ ಸಾಲದು. ಸೋಂಕು ಲಕ್ಷಣ ಕಾಣುವ ಎರಡು ದಿನ ಮೊದಲೇ ಹರಡಲು ಶುರುವಾಗುತ್ತದೆ, ಎಷ್ಟೋ ಮಕ್ಕಳಿಗೆ ಜ್ವರವೇ ಬರುವುದಿಲ್ಲ. ವೈರಸ್ ಹೆಚ್ಚಾಗಿ ಹರಡುವುದು ಗಾಳಿಯಲ್ಲೇ, ಆದ್ದರಿಂದ ಬೆಂಚಿಗೆ ಔಷಧಿ ಸಿಂಪಡಿಸುವ ದುಡ್ಡನ್ನೂ ಕೋಣೆಗೆ ಗಾಳಿಯಾಡುವಂತೆ ಮಾಡಲು ಖರ್ಚು ಮಾಡಿ.

20 ಅಡಿಗೆ 20 ಅಡಿ ಕೋಣೆಯಲ್ಲಿ ಅಂತರ ಬಿಟ್ಟರೆ 15ರಿಂದ 20 ಮಕ್ಕಳು ಕೂರಬಹುದು. ಆದರೆ ಕಿಟಕಿ ಮುಚ್ಚಿದ್ದರೆ ಅಷ್ಟೇ ಮಕ್ಕಳಿದ್ದರೂ ಅಪಾಯವೇ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಬಾಗಿಲು ಮತ್ತು ಎದುರು ಗೋಡೆಯ ಕಿಟಕಿ ಎರಡೂ ತೆರೆದಿರಬೇಕು. ಒಂದೇ ಕಡೆ ಕಿಟಕಿ ಇದ್ದರೆ ಪೆಡೆಸ್ಟಲ್ ಫ್ಯಾನನ್ನು ಕಿಟಕಿಯ ಹತ್ತಿರ ಹೊರಮುಖವಾಗಿಡಿ, ಬಾಗಿಲಿಂದ ಹೊಸ ಗಾಳಿ ಬರುತ್ತದೆ. ಮಲೆನಾಡಿನಲ್ಲಿ ಇರಚಲು ಹೊಡೆಯುತ್ತದೆಂದು ಕಿಟಕಿ ಹಾಕಿಬಿಡುತ್ತಾರೆ. ಅಲ್ಲಿ ಕಿಟಕಿ ಮೇಲೊಂದು ತಗಡು ಇಳಿಸಿ. ಪಾರಿವಾಳ ಬರುತ್ತದೆಂದು ರಟ್ಟು ತುರುಕಿದ ಗವಾಕ್ಷಿಗಳಿಗೆ ಜಾಲರಿ ಹೊಡೆಸಿ. ಅನುಮಾನವಿದ್ದರೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದನ್ನು ತರಿಸಿ: ಹೊರಗೆ 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಭಾಗ) ಆಸುಪಾಸು ತೋರಿಸುತ್ತದೆ, ಪಾಠ ನಡೆಯುವಾಗ ಒಳಗೆ 1,000 ದಾಟಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಅಕ್ಕಪಕ್ಕದ ಶಾಲೆಗಳ ಒಂದು ಕ್ಲಸ್ಟರಿಗೊಂದು ಮೀಟರ್ ಸಾಕು, ಕೋಣೆಯಿಂದ ಕೋಣೆಗೆ ಒಯ್ಯಬಹುದು.

ನಲಿ-ಕಲಿ (ಸರ್ಕಾರಿ ಶಾಲೆಗಳ ಕೆಳ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಮಕ್ಕಳು ಗುಂಪಾಗಿ ಮೇಜಿನ ಸುತ್ತ ಕೂತು ಕಾರ್ಡು ಹಂಚಿಕೊಂಡೇ ಕಲಿಯುವುದು. ಅಂತರದ ಹೆಸರಲ್ಲಿ ಅದನ್ನು ಒಡೆಯಬೇಡಿ. ಎರಡು ಗುಂಪು ಜಗುಲಿಗೆ, ಒಂದು ಮರದ ಕೆಳಗೆ. ಗುಂಪಿನ ಮಕ್ಕಳು ಮಾತ್ರ ದಿನದಿನ ಬದಲಾಗಬಾರದು. ಕಾರ್ಡು ಮುಟ್ಟಿದರೆ ಹೆದರಬೇಕಿಲ್ಲ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಸಿದರಾಯಿತು.

ಎಲ್ಲರೂ ಒಟ್ಟಿಗೆ ಮಾಸ್ಕ್ ತೆಗೆಯುವುದು ಬಿಸಿಯೂಟದಲ್ಲಿ. ಆದ್ದರಿಂದ ಊಟ ಬಯಲಿನಲ್ಲೇ, ಪಾಳಿ ಪ್ರಕಾರ ಬಡಿಸಿ. ಶಿಕ್ಷಕರಷ್ಟೇ ಅಲ್ಲ, ಅಡುಗೆಯವರದೂ ಎರಡು ಡೋಸ್ ಲಸಿಕೆ ಆಗಿದೆಯೇ ಎಂದು ಈಗಲೇ ಕೇಳಿ. ಕೋವಿಶೀಲ್ಡ್ ಲಸಿಕೆಯ ಡೋಸುಗಳ ನಡುವೆ ಆಗ (2021ರಲ್ಲಿ) 84 ದಿನ ಅಂತರವಿತ್ತು, ಶಾಲೆ ಶುರುವಾದ ಮೇಲೆ ಓಡಾಡಿದರೆ ಆಗದು.

ಕೊರೊನಾ ಗಲಾಟೆಯಲ್ಲಿ ನೀರಿನ ಟ್ಯಾಂಕ್ ಮರೆಯಬೇಡಿ. ತಿಂಗಳುಗಟ್ಟಲೆ ನಿಂತ ನೀರು ಖಾಲಿ ಮಾಡಿ, ಉಜ್ಜಿ ತೊಳೆದು, ಹೊಸ ನೀರು ತುಂಬಿ 1,000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರನ್ನು ಬೇರೆ ಪಾತ್ರೆಯ ನೀರಿನಲ್ಲಿ ಕದಡಿ, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಿ. ಹಳೇ ಡಬ್ಬಿಯ ಪೌಡರ್ ಬೇಡ, ಅದರ ಕ್ಲೋರಿನ್ ಹಾರಿಹೋಗಿರುತ್ತದೆ.